ಹೈ ಕಾಂಟ್ರಾಸ್ಟ್ ಫಿಲ್ಮ್ ತೊಳೆಯುವಾಗ ಫಾಗ್ ನಿಯಂತ್ರಣ

ಬೆಳಕು ಬೀಳದೆ ಉಳಿದ ಫಿಲ್ಮಿನ ಭಾಗ ಡೆವಲಪ್ ಆಗಿ, ಹೈಪೋ ಅಂದರೆ ಫಿಕ್ಸರಿನಿಂದ ಹೊರಬಂದ ಮೇಲೆ ಗಾಜಿನಷ್ಟು ತಿಳಿಯಾಗಿರಬೇಕು. ಹಾಗಿರದೆ ಅಲ್ಲಿ ಬೂದುಬಣ್ಣದ ಮಬ್ಬು ಕವಿದಿದ್ದರೆ ಅದೇ ಫಾಗ್. ಸ್ಟುಡಿಯೋಗಳಲ್ಲೂ ಪ್ರೆಸ್ಸುಗಳಲ್ಲೂ 'ಫಿಲ್ಮ್ ಫಾಗ್ ಆಗಿದೆ' ಎಂಬುದೇ ಬಳಕೆಯ ಮಾತಾಗಿತ್ತು. ಸಾಮಾನ್ಯ ನೆಗೆಟಿವಿನಲ್ಲಿ ಸ್ವಲ್ಪ ಫಾಗ್ ಇದ್ದರೂ ಪ್ರಿಂಟ್ ಹಾಕುವಾಗ ಒಂದೆರಡು ಸೆಕೆಂಡು ಹೆಚ್ಚು ಬೆಳಕು ಕೊಟ್ಟು ಸರಿದೂಗಿಸಬಹುದು. ಹೈ ಕಾಂಟ್ರಾಸ್ಟ್ ಫಿಲ್ಮಿನಲ್ಲಿ ಹಾಗೆ ಸುಧಾರಿಸಿಕೊಳ್ಳಲು ಜಾಗವಿಲ್ಲ. ಅದರಿಂದ ನಾವು ಬಯಸುವುದು ಎರಡನ್ನೇ: ಕಡುಗಪ್ಪು ಮತ್ತು ಪೂರ್ತಿ ತಿಳಿ. ತಿಳಿ ಕೆಟ್ಟರೆ ಅಂಥ ಫಿಲ್ಮನ್ನು ಬಳಸುವ ಉದ್ದೇಶವೇ ಕೆಟ್ಟಂತೆ.

ಫಿಲ್ಮಿನ ಕಪ್ಪನ್ನು ಅಳೆಯುವ ಮಾನಕ್ಕೆ ಸಾಂದ್ರತೆ ಎನ್ನುತ್ತಾರೆ. ಇದು ಲಾಗರಿದಮ್ ಲೆಕ್ಕದ್ದು. ಸಾಂದ್ರತೆ 0.3 ಇದ್ದ ಕಡೆ ಅರ್ಧದಷ್ಟು ಬೆಳಕು ಮಾತ್ರ ದಾಟುತ್ತದೆ, 1 ಇದ್ದ ಕಡೆ ಹತ್ತರಲ್ಲೊಂದು ಪಾಲು, 3 ಇದ್ದ ಕಡೆ ಸಾವಿರದಲ್ಲೊಂದು ಪಾಲು. ಹೈ ಕಾಂಟ್ರಾಸ್ಟ್ ಫಿಲ್ಮುಗಳಲ್ಲಿ ಮುದ್ರಣದವರು ಬಳಸುತ್ತಿದ್ದ ಲಿತ್ ಫಿಲ್ಮನ್ನು ಚೆನ್ನಾಗಿ ತೊಳೆದರೆ ಅದರ ಕಪ್ಪು 3ನ್ನು ದಾಟಿ 4ರತ್ತ ಹೋಗುತ್ತದೆ. ತಿಳಿ ಭಾಗ 0.05ರ ಆಸುಪಾಸಿನಲ್ಲಿ ಇರುತ್ತದೆ. ಆ ತಿಳಿಯ ಮೇಲೆ 0.3ರಷ್ಟು ಫಾಗ್ ಕೂತರೆ ಮುದ್ರಣದ ಪ್ಲೇಟಿಗೆ ಮುಟ್ಟಬೇಕಾದ ಬೆಳಕು ಅರ್ಧಕ್ಕೆ ಇಳಿಯಿತು ಎಂದರ್ಥ. ಕನ್ನಡ ಅಕ್ಷರಗಳ ನೆಗೆಟಿವಿನಲ್ಲಿ ಇದರ ಫಲ ಬೇಗ ಕಾಣಿಸುತ್ತದೆ. ಅಲ್ಲಿ ಅಕ್ಷರ ತಿಳಿಯಾಗಿ, ಸುತ್ತಲ ಹಾಳೆ ಕಪ್ಪಾಗಿ ಇರುತ್ತದೆ. ಫಾಗ್ ಆದಾಗ ಒತ್ತಕ್ಷರಗಳ ಸಣ್ಣ ಗೆರೆಗಳು ಮೊದಲು ಸೊರಗಿ, ಪ್ಲೇಟಿನಲ್ಲಿ ಅಲ್ಲಲ್ಲಿ ಕಡಿದುಹೋಗುತ್ತವೆ. ಸ್ಕ್ರೀನ್ ಪ್ರಿಂಟಿಂಗಿಗೆ ಬೇಕಾದ ಪಾಸಿಟಿವಿನಲ್ಲಿ ಕೆಡುವ ಬಗೆ ತಿರುಗುಮುರುಗು: 'ಖ', 'ಥ', 'ಭ' ಮೊದಲಾದವುಗಳ ಹೊಟ್ಟೆಯೊಳಗಿನ ಸಣ್ಣ ಬಯಲು ಮುಚ್ಚಿಕೊಳ್ಳುತ್ತದೆ.

ಕಾಂಟ್ರಾಸ್ಟಿನ ಅಳತೆ

ಬೆಳಕು ಹೆಚ್ಚಿದಂತೆ ಕಪ್ಪು ಎಷ್ಟು ವೇಗವಾಗಿ ಏರುತ್ತದೆ ಎಂಬುದನ್ನು ಗೆರೆಯಾಗಿ ಎಳೆದು ತೋರಿಸಿದವರು ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಫರ್ಡಿನಾಂಡ್ ಹರ್ಟರ್ ಮತ್ತು ವೆರೋ ಚಾರ್ಲ್ಸ್ ಡ್ರಿಫೀಲ್ಡ್. 1890ರಲ್ಲಿ ಅವರು ಪ್ರಕಟಿಸಿದ ಆ ವಕ್ರರೇಖೆಯ ನೇರ ಭಾಗದ ಇಳಿಜಾರಿಗೆ ಗಾಮಾ ಎಂಬ ಹೆಸರು ನಿಂತಿತು. ಮುಖಚಿತ್ರ, ಭೂದೃಶ್ಯ ತೆಗೆಯುವ ಫಿಲ್ಮಿನ ಗಾಮಾ ಸಾಮಾನ್ಯವಾಗಿ 0.6ರಿಂದ 0.7. ಲಿತ್ ಫಿಲ್ಮಿನದು 10ನ್ನೂ ಮೀರುತ್ತದೆ, ಅಂದರೆ ಗೆರೆ ಹೆಚ್ಚುಕಡಿಮೆ ಗೋಡೆಯಂತೆ ನೆಟ್ಟಗೆ ಏಳುತ್ತದೆ. ಬೆಳಕು ಒಂದು ಮಿತಿಯೊಳಗಿದ್ದರೆ ಏನೂ ಇಲ್ಲ, ಮಿತಿ ದಾಟಿತೋ ಪೂರ್ತಿ ಕಪ್ಪು. ಫಾಗಿನ ವಿಚಾರದಲ್ಲಿ ಎಷ್ಟೋ ಜನ ಮೋಸಹೋಗುವುದು ಇಲ್ಲೇ. ಡಾರ್ಕ್‌ರೂಮಿನ ಕೆಂಪು ದೀಪವಾದ ಸೇಫ್‌ಲೈಟಿನ ಸಣ್ಣ ಬೆಳಕು ತಾನಾಗಿ ಯಾವ ಗುರುತನ್ನೂ ಬಿಡದಿರಬಹುದು. ಆದರೆ ಫಿಲ್ಮನ್ನು ಆ ಮಿತಿಯ ಹೊಸ್ತಿಲವರೆಗೆ ತಂದು ನಿಲ್ಲಿಸಿರುತ್ತದೆ. ಕ್ಯಾಮೆರಾದೊಳಗೆ ಚೆದರಿದ ಇನ್ನಷ್ಟೇ ಬೆಳಕು ಅದಕ್ಕೆ ಸೇರಿದರೆ ಹೊಸ್ತಿಲು ದಾಟಿಬಿಡುತ್ತದೆ. ಆಗ ಮುದ್ರಿತ ಚಿತ್ರದ ಛಾಯೆ ತೋರಿಸುವ ಹಾಫ್‌ಟೋನ್ ಚುಕ್ಕಿಗಳು ಊದಿಕೊಳ್ಳುತ್ತವೆ, ಗೆರೆಗಳ ಅಂಚು ಕದಡುತ್ತದೆ.

ಬಿಂಬದ ಬೆಳ್ಳಿ, ಫಾಗಿನ ಬೆಳ್ಳಿ

ಫಿಲ್ಮಿನ ಜೆಲಟಿನ್ ಲೇಪದಲ್ಲಿ ಬೆಳ್ಳಿಯ ಹ್ಯಾಲೈಡಿನ ಕಣಗಳು ಹುದುಗಿರುತ್ತವೆ. ಬೆಳಕು ತಾಗಿದ ಕಣದ ಮೇಲೆ ಕೆಲವೇ ಪರಮಾಣುಗಳ ಬೆಳ್ಳಿಯ ಚುಕ್ಕೆಯೊಂದು ಮೂಡುತ್ತದೆ. ಕಣ್ಣಿಗೆ ಕಾಣದ ಈ ಚುಕ್ಕೆಗಳ ಮೊತ್ತವೇ ಸುಪ್ತಬಿಂಬ. ಡೆವಲಪರ್ ಆ ಚುಕ್ಕೆಯನ್ನು ಬಾಗಿಲು ಮಾಡಿಕೊಂಡು ಇಡೀ ಕಣವನ್ನು ಕಪ್ಪು ಬೆಳ್ಳಿಯಾಗಿ ಮಾರ್ಪಡಿಸುತ್ತದೆ. ಬಾಗಿಲಿಲ್ಲದ ಕಣವನ್ನೂ ಡೆವಲಪರ್ ಬಿಡುವುದಿಲ್ಲ, ಅದಕ್ಕೆ ಸಮಯ ಹೆಚ್ಚು ಬೇಕು, ಅಷ್ಟೇ. ಆದ್ದರಿಂದ ಬಿಂಬವೂ ಫಾಗೂ ಒಂದೇ ರಸಾಯನಕ್ರಿಯೆಯ ಫಲ. ಎರಡನ್ನೂ ಬೇರ್ಪಡಿಸುವುದು ಕಾಲದ ಅಂತರ ಮಾತ್ರ: ಮೊದಲು ಬಿಂಬ, ಆಮೇಲೆ ಫಾಗ್. ಫಾಗ್ ನಿಯಂತ್ರಣದ ಕೆಲಸವೆಲ್ಲ ಈ ಅಂತರವನ್ನು ಹಿಗ್ಗಿಸುವುದು ಮತ್ತು ಅದು ಮುಗಿಯುವ ಮೊದಲೇ ಫಿಲ್ಮನ್ನು ಎತ್ತುವುದು. ಯಾವುದೋ ಒಂದು ಔಷಧಿ ಸುರಿದರೆ ಫಾಗ್ ಹೋಗುತ್ತದೆ ಎಂಬ ನಂಬಿಕೆ ಡಾರ್ಕ್‌ರೂಮುಗಳಲ್ಲಿ ಬಹಳ ಹಳೆಯದು, ಬಹಳ ಫಿಲ್ಮನ್ನು ಹಾಳುಮಾಡಿದ್ದು ಕೂಡ.

ಫಾಗಿನ ಬೀಜ ಫಿಲ್ಮ್ ತಯಾರಾಗುವಾಗಲೇ ಬಿದ್ದಿರುತ್ತದೆ. ರಿಚರ್ಡ್ ಲೀಚ್ ಮ್ಯಾಡಾಕ್ಸ್ 1871ರಲ್ಲಿ ಜೆಲಟಿನ್ ಲೇಪವನ್ನು ಜಗತ್ತಿನ ಮುಂದಿಟ್ಟ. ಲೇಪವನ್ನು ಬಿಸಿಯಲ್ಲಿ ಹದಗೊಳಿಸಿದಷ್ಟೂ ಅದರ ವೇಗ ಹೆಚ್ಚುತ್ತದೆ ಎಂಬುದು ಆ ದಶಕದ ಕೊನೆಯ ಹೊತ್ತಿಗೆ ತಿಳಿಯಿತು. ಹದ ಮೀರಿದರೆ ಫಾಗ್ ಎಂಬುದೂ ಜೊತೆಗೇ ತಿಳಿಯಿತು. ಇದರ ಗುಟ್ಟನ್ನು 1925ರಲ್ಲಿ ಬಿಡಿಸಿದವನು ಕೊಡಾಕ್ ಸಂಶೋಧನಾಲಯದ ಸ್ಯಾಮ್ಯುಯೆಲ್ ಶೆಪರ್ಡ್. ಜೆಲಟಿನ್ ಬರುವುದು ದನದ ತೊಗಲು, ಮೂಳೆಗಳಿಂದ. ದನ ಮೇದ ಸಾಸಿವೆ ಜಾತಿಯ ಗಿಡಗಳಲ್ಲಿರುವ ಗಂಧಕದ ಸಂಯುಕ್ತಗಳ ಲವಲೇಶ ಜೆಲಟಿನ್ನಿನಲ್ಲಿ ಉಳಿದು, ಬೆಳ್ಳಿಯ ಕಣಗಳ ಮೇಲೆ ಸಲ್ಫೈಡಿನ ಸೂಕ್ಷ್ಮ ಚುಕ್ಕೆಗಳನ್ನು ಕಟ್ಟುತ್ತಿತ್ತು. ಅದು ಲೇಶವಾಗಿದ್ದರೆ ವೇಗ, ಹೆಚ್ಚಾದರೆ ಫಾಗ್. ಅಡುಗೆಮನೆಯ ಒಗ್ಗರಣೆಯ ಸಾಸಿವೆಗೂ ಫಿಲ್ಮಿನ ವೇಗಕ್ಕೂ ಇಂಥ ಸಂಬಂಧವಿರುವುದು ನನಗೆ ಇಂದಿಗೂ ಬೆರಗಿನ ವಿಷಯ. ಮುಂದೆ 1935ರಲ್ಲಿ ಜರ್ಮನಿಯ ಆಗ್ಫಾ ಕಂಪನಿಯ ಇ.ಜೆ. ಬಿರ್ ಟೆಟ್ರಾಜೈಂಡೀನ್ ಗುಂಪಿನ ಸ್ಥಿರಕಾರಿಯನ್ನು ಕಂಡುಹಿಡಿದ. ಅದನ್ನು ಲೇಪದಲ್ಲೇ ಬೆರೆಸಿದರೆ ಫಿಲ್ಮ್ ಇಟ್ಟಲ್ಲೇ ಫಾಗ್ ಆಗುವುದು ಬಹಳ ತಗ್ಗುತ್ತದೆ. ಕಂಪನಿ ಅದನ್ನು ಎರಡನೆಯ ಮಹಾಯುದ್ಧ ಮುಗಿಯುವವರೆಗೂ ಗುಟ್ಟಾಗಿಯೇ ಇಟ್ಟಿತ್ತು.

ಲಿತ್ ಡೆವಲಪರಿನ ನಡೆ

ಹೈ ಕಾಂಟ್ರಾಸ್ಟ್ ಕೆಲಸಕ್ಕೆ ಮುಖ್ಯವಾದ ದ್ರವ್ಯ ಹೈಡ್ರೋಕ್ವಿನೋನ್. ಅದು ಡೆವಲಪರ್ ಆಗಬಲ್ಲದು ಎಂದು ವಿಲಿಯಂ ಅಬ್ನಿ ತೋರಿಸಿದ್ದು 1880ರಲ್ಲಿ. ಎಕ್ಸ್‌ರೇ ಮತ್ತು ವಿಜ್ಞಾನದ ಕೆಲಸಕ್ಕೆ ಹೆಸರಾದ ಕೊಡಾಕ್ ಡಿ-19ರಲ್ಲಿ ಲೀಟರಿಗೆ 2 ಗ್ರಾಂ ಮೆಟಾಲ್, 90 ಗ್ರಾಂ ಸೋಡಿಯಂ ಸಲ್ಫೈಟ್, 8 ಗ್ರಾಂ ಹೈಡ್ರೋಕ್ವಿನೋನ್, 52.5 ಗ್ರಾಂ ಸೋಡಿಯಂ ಕಾರ್ಬೊನೇಟ್ ಮತ್ತು 5 ಗ್ರಾಂ ಪೊಟ್ಯಾಶಿಯಂ ಬ್ರೋಮೈಡ್ ಇರುತ್ತವೆ. ಸಾಮಾನ್ಯ ಚಿತ್ರಗಳಿಗೆ ಬಳಸುವ ಡಿ-76ರಲ್ಲಿ ಬ್ರೋಮೈಡ್ ಇಲ್ಲವೇ ಇಲ್ಲ. ಕ್ಷಾರ ಏರಿದಂತೆ ಡೆವಲಪರ್ ಚುರುಕಾಗುತ್ತದೆ, ಚುರುಕಾದಷ್ಟೂ ಫಾಗ್ ಮುನ್ನುಗ್ಗುತ್ತದೆ, ಅದಕ್ಕೆ ಕಡಿವಾಣವಾಗಿ ಬ್ರೋಮೈಡ್ ಬೇಕಾಗುತ್ತದೆ. ಕಾಸ್ಟಿಕ್ ಸೋಡಾ ಬಳಸುವ ಡಿ-8ರಲ್ಲಿ ಈ ಕಡಿವಾಣ ಮೂಲದ್ರಾವಣದ ಲೀಟರಿಗೆ 30 ಗ್ರಾಮಿನವರೆಗೂ ಏರುತ್ತದೆ.

ಲಿತ್ ಡೆವಲಪರಿನ ಹಾದಿ ಬೇರೆ. ಉಳಿದ ಡೆವಲಪರುಗಳಲ್ಲಿ ಧಾರಾಳವಾಗಿರುವ ಸಲ್ಫೈಟನ್ನು ಇಲ್ಲಿ ಫಾರ್ಮಾಲ್ಡಿಹೈಡ್ ಹಿಡಿದಿಟ್ಟುಕೊಂಡು ಚೂರುಚೂರೇ ಬಿಡುತ್ತದೆ. ಹೈಡ್ರೋಕ್ವಿನೋನ್ ಕೆಲಸ ಮಾಡಿ ಉತ್ಕರ್ಷಣಗೊಂಡಾಗ ಹುಟ್ಟುವ ವಸ್ತುವನ್ನು ಬಾಚಿಹಾಕಲು ಸಾಕಷ್ಟು ಸಲ್ಫೈಟ್ ಇರುವುದಿಲ್ಲ. ಆ ವಸ್ತು ಅಲ್ಲೇ ನಿಂತು ಪಕ್ಕದ ಕಣಗಳ ಡೆವಲಪಿಂಗನ್ನು ಇನ್ನಷ್ಟು ಚುರುಕು ಮಾಡುತ್ತದೆ. ಒಂದು ಕಣ ಕಪ್ಪಾದರೆ ನೆರೆಯ ಕಣಕ್ಕೂ ಅಂಟಿಕೊಳ್ಳುತ್ತದೆ, ಸಾಂಕ್ರಾಮಿಕ ರೋಗದಂತೆ. ಕೊಡಾಕ್‌ನ ಜೆ.ಎ.ಸಿ. ಯೂಲ್ 1945ರಲ್ಲಿ ಇದನ್ನು ವಿವರಿಸಿದಾಗ ಸಾಂಕ್ರಾಮಿಕ ಡೆವಲಪಿಂಗ್ ಎಂದೇ ಹೆಸರಿಟ್ಟ.

ಟ್ರೇಯ ಮುಂದೆ ನಿಂತು ನೋಡಿದವರಿಗೆ ಈ ನಡೆ ಚೆನ್ನಾಗಿ ಅರ್ಥವಾಗುತ್ತದೆ. ಕೆಂಪು ಬೆಳಕಿನಲ್ಲಿ ಹಾಲಿನಂತೆ ತೋರುವ ಫಿಲ್ಮನ್ನು ಲೇಪದ ಬದಿ ಮೇಲಾಗಿ ದ್ರಾವಣಕ್ಕೆ ಇಳಿಸುತ್ತೇವೆ. ಟ್ರೇಯ ಒಂದೊಂದೇ ಬದಿ ಎತ್ತಿ ಇಳಿಸುತ್ತ ಆಡಿಸುತ್ತೇವೆ. ಮೊದಲಿನ ಅರ್ಧ ನಿಮಿಷ, ಮುಕ್ಕಾಲು ನಿಮಿಷ ಏನೂ ಕಾಣುವುದಿಲ್ಲ. ಹೊಸಬರು ಇಲ್ಲಿ ಹೆದರಿ ಫಿಲ್ಮನ್ನು ಎತ್ತಿ ಸೇಫ್‌ಲೈಟಿಗೆ ಹಿಡಿಯುತ್ತಾರೆ, ಹಾಗೆ ಮಾಡಲೇಬಾರದು. ಆಮೇಲೆ ಬೂದಿಯ ನೆರಳಿನಂಥ ಬಿಂಬ ಏಳುತ್ತದೆ. ಇದ್ದಕ್ಕಿದ್ದಂತೆ ಆ ಬೂದು ಕಪ್ಪಿಗೆ ತಿರುಗತೊಡಗುತ್ತದೆ, ಕಪ್ಪು ಹಿಂಬದಿಗೂ ಇಳಿಯುತ್ತದೆ. ಕೊಡಾಲಿತ್ ಆರ್ಥೋ ಫಿಲ್ಮಿಗೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡೂಮುಕ್ಕಾಲು ನಿಮಿಷದ ಸುಮಾರು ಎಂಬುದು ವಾಡಿಕೆಯ ಅವಧಿ. ಅದರ ಕೊನೆಯ ಅರ್ಧ ನಿಮಿಷದಲ್ಲಿ ಆಗುವ ಬದಲಾವಣೆ ಮೊದಲ ಎರಡು ನಿಮಿಷದಲ್ಲಿ ಆದದ್ದಕ್ಕಿಂತ ಹೆಚ್ಚು. ಸಾಂಕ್ರಾಮಿಕ ಕ್ರಿಯೆ ಅವಧಿ ಮೀರಿ ಮುಂದುವರಿದರೆ ತಿಳಿ ಭಾಗದಲ್ಲಿ ಮೆಣಸಿನ ಪುಡಿ ಚೆಲ್ಲಿದಂತೆ ಸಣ್ಣ ಕಪ್ಪು ಚುಕ್ಕೆಗಳು ಏಳುತ್ತವೆ. ಇದಕ್ಕೆ ಪೆಪ್ಪರ್ ಫಾಗ್ ಎನ್ನುತ್ತಾರೆ. ಎ, ಬಿ ಎಂಬ ಎರಡು ದ್ರಾವಣಗಳನ್ನು ಬೆರೆಸಿದ ಲಿತ್ ಡೆವಲಪರ್ ಕೆಲವೇ ಗಂಟೆ ಬಾಳುತ್ತದೆ. ಬೆಳಿಗ್ಗೆ ಬೆರೆಸಿದ್ದನ್ನು ಸಂಜೆಗೂ ಓಡಿಸುವ ಜಿಪುಣತನದಿಂದ ಪೆಪ್ಪರ್ ಫಾಗ್ ಹುಟ್ಟುವುದೇ ಹೆಚ್ಚು.

ಮೊದಲು ಕಾರಣ ಪತ್ತೆ

ಫಾಗ್ ಕಂಡ ಕೂಡಲೇ ಬ್ರೋಮೈಡ್ ಬಾಟಲಿಗೆ ಕೈಹಾಕುವವರೇ ಬಹಳ. ಬೆಳಕು ಸೋರಿ ಆದ ಫಾಗಿಗೆ ಬ್ರೋಮೈಡ್ ಏನೂ ಮಾಡದು, ಒಳ್ಳೆಯ ಬಿಂಬವನ್ನೂ ಅದರ ಜೊತೆ ಹಿಂದಕ್ಕೆ ಎಳೆಯುತ್ತದೆ. ಮೂರು ಪಟ್ಟಿಗಳ ಪರೀಕ್ಷೆಗೆ ಹತ್ತು ನಿಮಿಷ ಸಾಕು, ಅದರಿಂದ ಕಾರಣ ತಿಳಿಯುತ್ತದೆ. ಎಲ್ಲ ದೀಪ ಆರಿಸಿ, ಪೆಟ್ಟಿಗೆಯಿಂದ ತೆಗೆದ ಒಂದೇ ಹಾಳೆಯಿಂದ ಮೂರು ಪಟ್ಟಿ ಕತ್ತರಿಸಿಕೊಳ್ಳಬೇಕು. ಮೊದಲನೆಯದನ್ನು ಡೆವಲಪರ್ ಮುಟ್ಟಿಸದೆ ನೇರ ಹೈಪೋಗೆ ಹಾಕಬೇಕು. ಎರಡನೆಯದನ್ನು ಪೂರ್ಣ ಕತ್ತಲೆಯಲ್ಲೇ, ಗಡಿಯಾರದ ಸದ್ದನ್ನೋ ಎಣಿಕೆಯನ್ನೋ ನಂಬಿ, ವಾಡಿಕೆಯ ಅವಧಿಗೆ ಡೆವಲಪ್ ಮಾಡಿ ಹೈಪೋಗೆ ಹಾಕಬೇಕು. ಮೂರನೆಯದನ್ನು ಎಂದಿನಂತೆ ಸೇಫ್‌ಲೈಟ್ ಉರಿಸಿಕೊಂಡು ತೊಳೆಯಬೇಕು. ಒಣಗಿದ ಮೇಲೆ ಮೂರನ್ನೂ ಬಿಳಿ ಕಾಗದದ ಮೇಲೆ ಸಾಲಾಗಿ ಇಟ್ಟು ನೋಡಿ. ಮೊದಲನೆಯದು ಬರಿಯ ಪಾಲಿಯೆಸ್ಟರಿನ ತಿಳಿ. ಎರಡನೆಯದು ಅದಕ್ಕಿಂತ ಮಬ್ಬಾಗಿದ್ದರೆ ದೋಷ ಡೆವಲಪರಿನದು ಅಥವಾ ಹಳೆಯದಾದ ಫಿಲ್ಮಿನದು. ಎರಡನೆಯದು ತಿಳಿಯಿದ್ದು ಮೂರನೆಯದು ಮಬ್ಬಾಗಿದ್ದರೆ ತಪ್ಪು ದೀಪದ್ದು. ಮೂರೂ ತಿಳಿಯಾಗಿದ್ದು ಚಿತ್ರ ತೆಗೆದ ಹಾಳೆ ಮಾತ್ರ ಮಬ್ಬಾದರೆ ಕ್ಯಾಮೆರಾ, ಲೆನ್ಸ್, ಹೋಲ್ಡರುಗಳನ್ನು ನೋಡಬೇಕು. ಆಗ ಹೋಲ್ಡರಿನ ಅಂಚು ಮರೆಮಾಡಿದ್ದ ಅಂಚುಪಟ್ಟಿಯೇ ಸಾಕ್ಷಿ ಹೇಳುತ್ತದೆ: ಅಂಚು ತಿಳಿ, ನಡುವೆ ಮಬ್ಬು ಎಂದರೆ ಲೆನ್ಸಿನ ಮೂಲಕ ಚೆದರಿ ಬಂದ ಬೆಳಕು.

ಫಾಗ್ ಅಲ್ಲದ್ದನ್ನು ಫಾಗ್ ಎಂದು ತಿಳಿಯುವುದೂ ಉಂಟು. ಹಾಲಿನಂಥ ಬಿಳಿ ಮಬ್ಬು ಇದ್ದರೆ ಅದು ಹೈಪೋ ಸಾಲದೆ ಉಳಿದ ಹ್ಯಾಲೈಡ್. ಹೊಸ ಹೈಪೋದಲ್ಲಿ ಮತ್ತೊಮ್ಮೆ ಮುಳುಗಿಸಿದರೆ ಕರಗಿಹೋಗುತ್ತದೆ. ಬೆರಳಿನಿಂದ ಒರೆಸಿದರೆ ಹೋಗುವ ಬಿಳಿ ಹುಡಿ ಕೊಳವೆಬಾವಿಯ ಗಡಸು ನೀರಿನ ಸುಣ್ಣ. ಭಟ್ಟಿ ಇಳಿಸಿದ ನೀರಿನಲ್ಲಿ ಡೆವಲಪರ್ ಕಲಸಿದರೆ ಅದು ಬಾರದು.

ಬೆಳಕಿನ ಫಾಗ್

ಲಿತ್ ಫಿಲ್ಮುಗಳಲ್ಲಿ ಹೆಚ್ಚಿನವು ಆರ್ಥೋಕ್ರೊಮ್ಯಾಟಿಕ್, ಅಂದರೆ ನೀಲಿ ಮತ್ತು ಹಸಿರಿಗೆ ಸ್ಪಂದಿಸುತ್ತವೆ, ಕೆಂಪಿಗೆ ಕುರುಡು. ವರ್ಣಕಗಳಿಂದ ಲೇಪಕ್ಕೆ ಹೀಗೆ ದೃಷ್ಟಿ ಕೊಡಬಹುದು ಎಂದು ಜರ್ಮನಿಯ ಹರ್ಮನ್ ಫೋಗೆಲ್ 1873ರಲ್ಲಿ ತೋರಿಸಿದ್ದ. ಫೋಟೋ ಪೇಪರಿಗೆ ಹೊಂದುವ ಅಂಬರ್ ದೀಪ ಇವಕ್ಕೆ ಅಪಾಯಕಾರಿ. ಕೆಂಪು ಫಿಲ್ಟರಿನ ಹಿಂದೆ 15 ವಾಟಿನ ಬಲ್ಬು, ಟ್ರೇಯಿಂದ ಕನಿಷ್ಠ 1.2 ಮೀಟರ್ ದೂರ, ಇದು ಹಳೆಯ ನಿಯಮ. ಈಗ ಅಂಗಡಿಯಲ್ಲಿ ಸಿಗುವ ಕೆಂಪು ಬಲ್ಬುಗಳೆಲ್ಲ ಶುದ್ಧ ಕೆಂಪಲ್ಲ. ಒಂದು ಹಳೆಯ ಸಿ.ಡಿ.ಯ ಹೊಳೆಯುವ ಬದಿಯಲ್ಲಿ ಆ ಬಲ್ಬಿನ ಪ್ರತಿಬಿಂಬ ನೋಡಿದರೆ ಬಣ್ಣಗಳು ಬೇರೆಬೇರೆಯಾಗಿ ಹರಡುತ್ತವೆ. ಕೆಂಪಿನ ಪಕ್ಕದಲ್ಲಿ ಹಸಿರಿನ ಎಳೆ ಕಂಡರೂ ಆ ಬಲ್ಬು ಬೇಡ.

ದೀಪದ ಪರೀಕ್ಷೆಗೆ ಫಿಲ್ಮಿನ ಮೇಲೆ ನಾಣ್ಯಗಳನ್ನಿಟ್ಟು, ಎರಡೆರಡು ನಿಮಿಷಕ್ಕೆ ಒಂದೊಂದನ್ನು ತೆಗೆಯುವ ಪದ್ಧತಿ ಎಲ್ಲರಿಗೂ ಗೊತ್ತು. ಅದಕ್ಕೊಂದು ತಿದ್ದುಪಡಿ ಅಗತ್ಯ. ಏನೂ ಬೆಳಕು ಕಾಣದ ಫಿಲ್ಮಿನ ಮೇಲೆ ಈ ಪರೀಕ್ಷೆ ಮಾಡಿದರೆ ಹೊಸ್ತಿಲಿನ ಕೆಳಗಿನ ಬೆಳಕು ಪತ್ತೆಯೇ ಆಗುವುದಿಲ್ಲ. ಮೊದಲು ಎನ್‌ಲಾರ್ಜರಿನಲ್ಲಿ ಬಹಳ ಮಂದ ಬೆಳಕನ್ನು ಇಡೀ ಹಾಳೆಗೆ ಕೊಟ್ಟು, ತೊಳೆದಾಗ ತೆಳುವಾದ ಬೂದು ಬರುವಂತೆ ಮಾಡಿಕೊಂಡು, ಆಮೇಲೆ ನಾಣ್ಯಗಳನ್ನು ಇಡಬೇಕು. ಬೂದಿನ ನಡುವೆ ನಾಣ್ಯದ ಗುಂಡು ಗುರುತು ಕಾಣದಿರುವ ಅವಧಿ ಮಾತ್ರ ನಿಜವಾಗಿ ಸುರಕ್ಷಿತ. ಕೈಗಡಿಯಾರದ ಹೊಳೆಯುವ ಮುಳ್ಳು, ಜೇಬಿನಲ್ಲಿ ಮಿನುಗುವ ಮೊಬೈಲು, ಟೈಮರಿನ ಹಸಿರು ಅಂಕಿ ಇವೆಲ್ಲ ದೀಪಗಳೇ ಎಂಬುದನ್ನು ಮರೆಯಬಾರದು.

ರಾಸಾಯನಿಕ ಫಾಗ್

ದೀಪ ನಿರ್ದೋಷಿ ಎಂದು ಗೊತ್ತಾದ ಮೇಲೆ ಡೆವಲಪರಿನ ಸರದಿ. ಮೊದಲು ಥರ್ಮಾಮೀಟರು ನೋಡಬೇಕು. ಹೈಡ್ರೋಕ್ವಿನೋನ್ ಶಾಖಕ್ಕೆ ಬಹಳ ಸೂಕ್ಷ್ಮ. ಚಳಿಯಲ್ಲಿ ಮಂಕಾಗಿ ಕೂರುತ್ತದೆ, ಸೆಕೆಯಲ್ಲಿ ಹುಚ್ಚೆದ್ದು ಕೆಲಸ ಮಾಡುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ನಲ್ಲಿಯ ನೀರೇ 30 ಡಿಗ್ರಿ ದಾಟಿರುವಾಗ 20 ಡಿಗ್ರಿಗೆ ಹೇಳಿದ ಅವಧಿಯನ್ನು ಹಿಡಿದು ಕೂತರೆ ಫಾಗ್ ಖಂಡಿತ. ದೊಡ್ಡ ಟ್ರೇಯಲ್ಲಿ ತಣ್ಣೀರು ತುಂಬಿ, ಅದರೊಳಗೆ ಡೆವಲಪರಿನ ಟ್ರೇ ಇಟ್ಟು, ಐಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊರಗಿನ ನೀರಿಗೆ ಹಾಕುವುದು ಸುಲಭದ ದಾರಿ. ಐಸು ಕರಗಿ ಡೆವಲಪರಿಗೇ ಸೇರಬಾರದು. ತಣಿಸುವುದು ಸಾಧ್ಯವೇ ಇಲ್ಲದ ಕಡೆಗಾಗಿ ಸೋಡಿಯಂ ಸಲ್ಫೇಟ್ ಬೆರೆಸಿದ ಉಷ್ಣದೇಶದ ಡೆವಲಪರುಗಳು ಇದ್ದವು. ಕೊಡಾಕ್ ಡಿಕೆ-15ರಲ್ಲಿ ಲೀಟರಿಗೆ 45 ಗ್ರಾಂ ಸೋಡಿಯಂ ಸಲ್ಫೇಟ್ ಹಾಕುವುದು ಜೆಲಟಿನ್ ನೀರು ಕುಡಿದು ಊದದಿರಲೆಂದು. ಲಿತ್ ಕೆಲಸಕ್ಕೆ ಅದು ಒಗ್ಗದು, ತಣಿಸಿಯೇ ತೊಳೆಯಬೇಕು.

ಆಮೇಲೆ ಪಾತ್ರೆ. ತಾಮ್ರ ಮತ್ತು ತವರ ಡೆವಲಪರಿಗೆ ಸೇರಿದರೆ ಲವಲೇಶವೂ ಫಾಗ್ ತರಬಲ್ಲದು. ಹಾಗಾಗಿ ಹಿತ್ತಾಳೆಯ ಪಾತ್ರೆಯಲ್ಲಿ ಡೆವಲಪರ್ ಕಲಸಬಾರದು. ಕಲಾಯಿ ಹಾಕಿಸಿದ್ದೇವಲ್ಲ ಎಂದುಕೊಂಡರೆ ಇನ್ನೂ ಕೇಡು, ಏಕೆಂದರೆ ಕಲಾಯಿ ಎಂದರೆ ತವರವೇ. ಬೆಸುಗೆ ಹಾಕಿದ ತಗಡಿನ ಡಬ್ಬವೂ ಬೇಡ. ಸ್ಟೇನ್‌ಲೆಸ್ ಸ್ಟೀಲ್, ಪ್ಲಾಸ್ಟಿಕ್, ಎನಾಮಲ್, ಗಾಜು ಇವಿಷ್ಟೇ ಯೋಗ್ಯ. ಬಹುಕಾಲ ನಿಂತ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ಬೆಳೆದು ಸಲ್ಫೈಟನ್ನು ಸಲ್ಫೈಡ್ ಮಾಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಡೆವಲಪರನ್ನು ಚೆಲ್ಲಿ ತೊಟ್ಟಿಯನ್ನು ಉಜ್ಜಿ ತೊಳೆಯುವುದೊಂದೇ ದಾರಿ.

ಇನ್ನು ನಿಗ್ರಹಕಾರಿಗಳು. ಪೊಟ್ಯಾಶಿಯಂ ಬ್ರೋಮೈಡ್ ದ್ರಾವಣದಲ್ಲಿ ಬಿಡಿ ಬೆಳ್ಳಿ ಅಯಾನುಗಳ ಪ್ರಮಾಣವನ್ನು ತಗ್ಗಿಸಿ ಡೆವಲಪಿಂಗನ್ನು ನಿಧಾನಗೊಳಿಸುತ್ತದೆ. ಫಾಗಿನ ದುರ್ಬಲ ಚುಕ್ಕೆಗಳಿಗೆ ಈ ಪೆಟ್ಟು ಜೋರಾಗಿ ತಾಗುತ್ತದೆ, ಬಿಂಬದ ಗಟ್ಟಿ ಚುಕ್ಕೆಗಳಿಗೆ ಕಡಿಮೆ. ನೂರು ಮಿಲಿಲೀಟರಿಗೆ 10 ಗ್ರಾಮಿನಂತೆ ಕರಗಿಸಿಟ್ಟುಕೊಂಡರೆ 10 ಮಿಲಿಲೀಟರ್ ಅಂದರೆ 1 ಗ್ರಾಂ, ಲೆಕ್ಕ ಸುಲಭ. ಡೆವಲಪರಿನಲ್ಲಿ ಎಷ್ಟಿದೆಯೋ ಅದಕ್ಕೆ ಲೀಟರಿಗೆ 1 ಗ್ರಾಮಿನಂತೆ ಏರಿಸುತ್ತ, ಪ್ರತಿ ಸಲ ಪಟ್ಟಿ ತೊಳೆದು ನೋಡಬೇಕು. ಬ್ರೋಮೈಡ್ ಹೆಚ್ಚಾದಂತೆ ಫಿಲ್ಮಿನ ವೇಗ ಇಳಿಯುವುದರಿಂದ ಕ್ಯಾಮೆರಾದಲ್ಲಿ ಹೆಚ್ಚು ಬೆಳಕು ಕೊಡಬೇಕಾಗುತ್ತದೆ.

ಬ್ರೋಮೈಡಿಗೆ ಮಣಿಯದ ಫಾಗಿಗೆ, ಅದರಲ್ಲೂ ಅವಧಿ ಮುಗಿದ ಫಿಲ್ಮಿಗೆ, ಬೆಂಜೋಟ್ರಯಜೋಲ್ ಮೇಲು. ಅದು ಬೆಳ್ಳಿಯ ಕಣದ ಮೈಗೇ ಅಂಟಿಕೊಂಡು ಡೆವಲಪರನ್ನು ದೂರವಿಡುತ್ತದೆ. ಫೆನಿಡೋನ್ ಸೇರಿದ ಡೆವಲಪರುಗಳಲ್ಲಿ ಬ್ರೋಮೈಡಿನ ಹಿಡಿತ ಸಡಿಲ, ಅಲ್ಲಿ ಇದು ಬೇಕೇಬೇಕು. ಶೇಕಡ 1ರ ದ್ರಾವಣವನ್ನು ಲೀಟರಿಗೆ 10ರಿಂದ 20 ಮಿಲಿಲೀಟರ್ ಹಾಕಿದರೆ ಸಾಮಾನ್ಯವಾಗಿ ಸಾಕು. ತಣ್ಣೀರಿನಲ್ಲಿ ಬೇಗ ಕರಗದು, ಬಿಸಿನೀರು ಬೇಕು. ಕೈ ಜಾರಿ ಹೆಚ್ಚು ಬಿದ್ದರೆ ಬಿಂಬವೂ ಏಳದೆ ಕೂರುತ್ತದೆ. ನನ್ನ ಅನುಭವದಲ್ಲಿ ಮೊದಲ ಪಟ್ಟಿಗೆ 5 ಮಿಲಿಲೀಟರಿನಿಂದ ಶುರುಮಾಡುವುದು ಲೇಸು.

ಬೆಳಕು ಕಡಿಮೆ ಬಿದ್ದ ಫಿಲ್ಮನ್ನು ಹೆಚ್ಚು ಹೊತ್ತು ತೊಳೆದು ಎಬ್ಬಿಸುವ ಪ್ರಯತ್ನ ಹೈ ಕಾಂಟ್ರಾಸ್ಟ್ ಕೆಲಸದಲ್ಲಿ ಫಲಿಸದು. ಬಿಂಬಕ್ಕೂ ಫಾಗಿಗೂ ಇದ್ದ ಕಾಲದ ಅಂತರವನ್ನೇ ಅದು ತಿಂದುಹಾಕುತ್ತದೆ. ಕ್ಯಾಮೆರಾದಲ್ಲಿ ಕೊಡಬೇಕಾದ ಬೆಳಕನ್ನು ಪೂರ್ತಿ ಕೊಟ್ಟು, ಡೆವಲಪಿಂಗನ್ನು ಹೇಳಿದ ಅವಧಿಗೇ ನಿಲ್ಲಿಸಬೇಕು. ನಿಲ್ಲಿಸುವುದು ಎಂದರೆ ನೀರಿನಲ್ಲಿ ಅದ್ದುವುದಲ್ಲ, ಶೇಕಡ 1-2ರ ಅಸಿಟಿಕ್ ಆಮ್ಲದ ಸ್ಟಾಪ್ ಬಾತ್. ಲಿತ್ ಡೆವಲಪಿಂಗ್ ನೀರಿನಲ್ಲೂ ಕೆಲವು ಕ್ಷಣ ಮುಂದುವರಿಯುತ್ತದೆ.

ಗಾಳಿಯೂ ಫಾಗ್ ತರುತ್ತದೆ. ಹೈಡ್ರೋಕ್ವಿನೋನಿನಲ್ಲಿ ನೆನೆದ ಫಿಲ್ಮನ್ನು ಮತ್ತೆಮತ್ತೆ ಮೇಲೆತ್ತಿದರೆ ಗಾಳಿಯ ಆಮ್ಲಜನಕ ತಾಗಿ ಬೂದು ಕವಿಯುತ್ತದೆ. ಫಿಲ್ಮನ್ನು ದ್ರಾವಣದೊಳಗೆ ಪೂರ್ತಿ ಮುಳುಗಿಸಿಟ್ಟು, ಟ್ರೇಯನ್ನಷ್ಟೇ ಆಡಿಸಬೇಕು ಎನ್ನುವುದು ಇದಕ್ಕೇ. ಹೈಪೋದ ಹನಿ ಡೆವಲಪರಿಗೆ ಬಿದ್ದರೆ, ಅಥವಾ ಹೈಪೋ ಸತ್ತುಹೋಗಿದ್ದರೆ ಡೈಕ್ರೋಯಿಕ್ ಫಾಗ್ ಹುಟ್ಟುತ್ತದೆ: ಹಿಂದಿನಿಂದ ಬೆಳಕು ಬಿಟ್ಟರೆ ಕೆಂಪು ಛಾಯೆ, ಮೇಲಿನಿಂದ ನೋಡಿದರೆ ಹಸಿರು ಮಿಂಚು. ಡೆವಲಪರಿಗೊಂದು, ಹೈಪೋಗೊಂದು ಬೇರೆಬೇರೆ ಚಿಮಟ ಇಟ್ಟುಕೊಂಡ ಡಾರ್ಕ್‌ರೂಮಿನಲ್ಲಿ ಇದು ಅಪರೂಪ.

ವಿಕಿರಣ ಮತ್ತು ದಾಸ್ತಾನು

1896ರಲ್ಲಿ ಪ್ಯಾರಿಸಿನ ಆನ್ರಿ ಬೆಕೆರೆಲ್ ಕಪ್ಪು ಕಾಗದದಲ್ಲಿ ಸುತ್ತಿದ ಪ್ಲೇಟಿನ ಮೇಲೆ ಯುರೇನಿಯಂ ಲವಣ ಇಟ್ಟಿದ್ದಾಗ, ಬೆಳಕಿಲ್ಲದೆಯೂ ಪ್ಲೇಟು ಕಪ್ಪಾಯಿತು. ವಿಕಿರಣಶೀಲತೆ ಜಗತ್ತಿಗೆ ತಿಳಿದದ್ದು ಹೀಗೆ ಒಂದು ಫಾಗಿನಿಂದ. ಅರ್ಧ ಶತಮಾನದ ನಂತರ ಇನ್ನೊಂದು ಫಾಗ್ ಇನ್ನೊಂದು ಗುಟ್ಟನ್ನು ಹೊರಹಾಕಿತು. 1945ರ ಕೊನೆಯಲ್ಲಿ ಕೊಡಾಕ್‌ನ ಎಕ್ಸ್‌ರೇ ಫಿಲ್ಮಿನ ಮೇಲೆ ಕಾರಣವಿಲ್ಲದ ಚುಕ್ಕೆಗಳು ಕಾಣಿಸಿಕೊಂಡವು. ಕಂಪನಿಯ ಭೌತವಿಜ್ಞಾನಿ ಜೂಲಿಯನ್ ವೆಬ್ ಹುಡುಕುತ್ತ ಹೋಗಿ, ದೋಷ ಇರುವುದು ಫಿಲ್ಮಿನಲ್ಲಲ್ಲ, ಹಾಳೆಗಳ ಜೊತೆ ಇಟ್ಟ ಹುಲ್ಲುರಟ್ಟಿನಲ್ಲಿ ಎಂದು ಕಂಡುಕೊಂಡ. ಆ ರಟ್ಟು ಇಂಡಿಯಾನಾದ ವಿನ್ಸೆನ್ಸ್ ಊರಿನ ಗಿರಣಿಯಲ್ಲಿ ಆಗಸ್ಟ್ ತಿಂಗಳಲ್ಲಿ, ವಾಬ್ಯಾಶ್ ನದಿಯ ನೀರು ಬಳಸಿ ತಯಾರಾದದ್ದು. ಅದರಲ್ಲಿ ಸೀರಿಯಂ-141 ಇತ್ತು. ಅದು ಜುಲೈ 16ರಂದು ಸಾವಿರ ಮೈಲಿಗೂ ಆಚೆ ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಸಿಡಿಸಿದ ಮೊದಲ ಅಣುಬಾಂಬಿನ ಧೂಳು, ಮಳೆಯೊಂದಿಗೆ ನದಿಗೆ ಇಳಿದದ್ದು. ವೆಬ್ ಈ ವಿಷಯವನ್ನು 1949ರಲ್ಲಿ ಪ್ರಕಟಿಸಿದ.

ಇಂದು ವಿಮಾನ ನಿಲ್ದಾಣದ ಎಕ್ಸ್‌ರೇ ಯಂತ್ರಗಳು, ಅವುಗಳಲ್ಲೂ ಸಿ.ಟಿ. ಬಗೆಯವು, ಫಿಲ್ಮಿಗೆ ಅಪಾಯ. ಲಿತ್ ಫಿಲ್ಮ್ ನಿಧಾನಗತಿಯದಾದ್ದರಿಂದ ವೇಗದ ಫಿಲ್ಮಿಗಿಂತ ತಾಳಿಕೊಳ್ಳುತ್ತದೆ, ಆದರೂ ಕೈಚೀಲದಲ್ಲಿಟ್ಟು ಕೈಯಿಂದ ತಪಾಸಣೆ ಮಾಡಲು ಕೇಳಿಕೊಳ್ಳುವುದು ಒಳ್ಳೆಯದು. ಮನೆಯಲ್ಲಿ ಫಿಲ್ಮನ್ನು ಫ್ರಿಜ್ಜಿನಲ್ಲಿ ಇಡಬೇಕು. ಹೊರತೆಗೆದ ಮೇಲೆ ಕೋಣೆಯ ಶಾಖಕ್ಕೆ ಬರುವವರೆಗೆ ಪೊಟ್ಟಣ ಬಿಚ್ಚಬಾರದು, ಬಿಚ್ಚಿದರೆ ತೇವ ಕಟ್ಟುತ್ತದೆ. ಚಳಿಗಾಲದ ಒಣಹವೆಯಲ್ಲಿ ಹಾಳೆಯನ್ನು ಸರ್ರನೆ ಎಳೆದರೆ ಮಿಂಚಿನ ಕವಲಿನಂಥ ಸ್ಥಾಯೀ ವಿದ್ಯುತ್ತಿನ ಗುರುತು, ಬೆರಳಿನಡಿ ಮಡಿಸಿದರೆ ಅರ್ಧಚಂದ್ರದ ಗುರುತು ಮೂಡುತ್ತವೆ.

ಆದ ಫಾಗನ್ನು ತೆಗೆಯುವುದು

ಹೈ ಕಾಂಟ್ರಾಸ್ಟ್ ಫಿಲ್ಮಿಗೆ ಒಂದು ಅನುಕೂಲವಿದೆ. ಕಪ್ಪು ಬಹಳ ದಪ್ಪ, ಫಾಗ್ ಬಹಳ ತೆಳು. ಎರಡರಿಂದಲೂ ಸಮಸಮ ಬೆಳ್ಳಿಯನ್ನು ಕರಗಿಸಿದರೆ ಫಾಗ್ ಪೂರ್ತಿ ಹೋಗಿ ಕಪ್ಪು ಉಳಿಯುತ್ತದೆ. 1883ರಲ್ಲಿ ಹೊವರ್ಡ್ ಫಾರ್ಮರ್ ಕೊಟ್ಟ ರೆಡ್ಯೂಸರ್ ಮಾಡುವುದು ಇದನ್ನೇ: ಪೊಟ್ಯಾಶಿಯಂ ಫೆರಿಸಯನೈಡ್ ಮತ್ತು ಹೈಪೋ. ಎರಡನ್ನೂ ಬೇರೆಬೇರೆ ಕರಗಿಸಿಟ್ಟು, ಬಳಸುವ ಕ್ಷಣದಲ್ಲಿ ಬೆರೆಸಿ, ನಿಂಬೆಹಣ್ಣಿನ ಬಣ್ಣವಿರುವಾಗಲೇ ಕೆಲಸ ಮುಗಿಸಬೇಕು. ಬಣ್ಣ ಹೋದರೆ ಅದರ ಶಕ್ತಿಯೂ ಹೋಯಿತು. ಫಿಲ್ಮನ್ನು ಮುಳುಗಿಸಿ, ತಿಳಿ ಬೇಕಾದಷ್ಟು ತಿಳಿಯಾಗುವುದಕ್ಕೆ ತುಸು ಮುಂಚೆಯೇ ಎತ್ತಿ ನೀರಿಗೆ ಹಿಡಿಯಬೇಕು. ಪ್ರೆಸ್ಸಿನ ಫಿಲ್ಮ್ ತಿದ್ದುವವರು ಇದೇ ದ್ರಾವಣವನ್ನು ಕುಂಚದಿಂದ ಹಚ್ಚಿ ಹಾಫ್‌ಟೋನ್ ಚುಕ್ಕಿಗಳನ್ನು ಸಣ್ಣ ಮಾಡುತ್ತಿದ್ದರು. ಫೆರಿಸಯನೈಡಿಗೆ ಬಲವಾದ ಆಮ್ಲ ಸೇರಿದರೆ ವಿಷಾನಿಲ ಏಳುತ್ತದೆ, ಅವೆರಡನ್ನೂ ದೂರವಿಡಬೇಕು. ಲಿತ್ ಡೆವಲಪರಿನ ಫಾರ್ಮಾಲ್ಡಿಹೈಡ್ ಕೂಡ ಉಸಿರಿಗೆ ಕೇಡು, ಕಿಟಕಿಯಿಲ್ಲದ ಕೋಣೆಯಾದರೆ ಗಾಳಿ ಹೊರದೂಡುವ ಫ್ಯಾನ್ ಇರಲೇಬೇಕು.

ನಮ್ಮ ಸೀಮೆಯಲ್ಲಿ

ನೀಲಗಿರಿಯ ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ತನ್ನ 'ಇಂದು' ಹೆಸರಿನ ಫಿಲ್ಮ್, ಪೇಪರು, ಎಕ್ಸ್‌ರೇ ಹಾಳೆಗಳನ್ನು ಕರ್ನಾಟಕದ ಸ್ಟುಡಿಯೋ, ಆಸ್ಪತ್ರೆಗಳಿಗೂ ಒದಗಿಸುತ್ತಿತ್ತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಕೊಡೈಕೆನಾಲ್ ವೀಕ್ಷಣಾಲಯ 20ನೆಯ ಶತಮಾನದ ಆರಂಭದಿಂದ ಸೂರ್ಯನ ಚಿತ್ರಗಳನ್ನು ಪ್ಲೇಟು, ಫಿಲ್ಮುಗಳ ಮೇಲೆ ದಾಖಲಿಸಿದೆ. ಆ ಸಂಗ್ರಹ ಈಗ ಡಿಜಿಟಲ್ ರೂಪಕ್ಕೆ ಬಂದಿದೆ. ಇಂಥ ಪ್ಲೇಟಿನಿಂದ ಬೆಳಕಿನ ಪ್ರಮಾಣ ಅಳೆಯಬೇಕಾದರೆ ಮೊದಲು ಬೆಳಕು ಬೀಳದ ಅಂಚಿನ ಫಾಗ್ ಅಳೆದು ಅದನ್ನು ಕಳೆಯಬೇಕು. ಮುದ್ರಣದಲ್ಲಿ ಲಿತ್ ಫಿಲ್ಮಿನ ಕಾಲ ಮುಗಿಯಿತು. 1990ರ ದಶಕದಲ್ಲಿ ಕಂಪ್ಯೂಟರಿನಿಂದ ನೇರ ಪ್ಲೇಟಿಗೆ ಹೋಗುವ ತಂತ್ರ ಬಂದ ಮೇಲೆ ಪ್ರೆಸ್ಸುಗಳ ಡಾರ್ಕ್‌ರೂಮುಗಳು ಒಂದೊಂದಾಗಿ ಬಾಗಿಲು ಹಾಕಿದವು. ಆರ್ಥೋ ಫಿಲ್ಮ್, ಎಕ್ಸ್‌ರೇ ಫಿಲ್ಮುಗಳಲ್ಲಿ ಚಿತ್ರ ತೆಗೆಯುವ ಹವ್ಯಾಸಿಗಳು ಮಾತ್ರ ಈ ವಿದ್ಯೆಯನ್ನು ಉಳಿಸಿಕೊಂಡಿದ್ದಾರೆ.

ಮುಚ್ಚಿದ ಪ್ರೆಸ್ಸಿನ ಅಟ್ಟದಲ್ಲೋ ಹಳೆಯ ಸ್ಟುಡಿಯೋದ ಬೀರುವಿನಲ್ಲೋ ಲಿತ್ ಫಿಲ್ಮಿನ ಪೆಟ್ಟಿಗೆ ಸಿಕ್ಕರೆ ದಯವಿಟ್ಟು ಎಸೆಯಬೇಡಿ, ಒಳಗೇನಿದೆ ಎಂದು ಬೆಳಕಿನಲ್ಲಿ ತೆರೆದೂ ನೋಡಬೇಡಿ. ನಡುವಿನ ಹಾಳೆಯೊಂದನ್ನು ಕತ್ತಲೆಯಲ್ಲಿ ತೆಗೆದು ಮೂರು ಪಟ್ಟಿ ಮಾಡಿ ತೊಳೆಯಿರಿ. ಇಪ್ಪತ್ತು ಮೂವತ್ತು ವರ್ಷ ಹಳೆಯದಾದರೂ ಅಂಚುಗಳಷ್ಟೇ ಫಾಗ್ ಆಗಿ ನಡುಭಾಗ ತಿಳಿಯಾಗಿ ಉಳಿದಿರುವುದುಂಟು. ಅಂಥ ಫಿಲ್ಮ್ ಚೂರು ಬೆಂಜೋಟ್ರಯಜೋಲಿನೊಂದಿಗೆ ಇನ್ನೂ ಕೆಲಸಕ್ಕೆ ಬರುತ್ತದೆ.